ಲಾನ್ ಮೋವರ್ ಸ್ಟಾರ್ಟೇ ಆಗ್ತಿಲ್ಲ, ಹಗ್ಗ ಎಳೆದೂ ಎಳೆದೂ ಭುಜ ಬಿದ್ದೋಯ್ತು

ವಿದ್ಯಾರಣ್ಯಪುರದಿಂದ (ಕೇಳಿದ್ದು):

ಎಲ್ರಿಗೂ ನಮಸ್ಕಾರ. ನಮ್ಮಪ್ಪಂದು ಒಂದು ಪೆಟ್ರೋಲ್ ಲಾನ್ ಮೋವರ್ ಇದೆ, ಫೋರ್ ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡೋದು. ಮನೆ ಪಕ್ಕದ ಸೈಟೂ ನಮ್ದೇ, ಅಪ್ಪ ಅಲ್ಲಿ ಆಸೆಪಟ್ಟು ಲಾನ್ ಮಾಡಿಸಿದ್ರು. 2024ರ ಬೇಸಿಗೇಲಿ ಗಾರ್ಡನ್‌ಗೆ ಕಾವೇರಿ ನೀರು ಬಿಟ್ರೆ 5 ಸಾವಿರ ದಂಡ ಅಂತ ಜಲಮಂಡಳಿಯವ್ರು ಹೇಳಿದ್ರಲ್ಲ, ಅವಾಗ ಹುಲ್ಲೆಲ್ಲ ಒಣಗಿ ಹಪ್ಪಳ ಆಯ್ತು, ಮಷೀನು ಮೆಟ್ಟಿಲ ಕೆಳಗೆ ಸೇರ್ತು. ಆಮೇಲೆ ಅಪ್ಪಂಗೆ ಮಂಡಿ ಆಪರೇಷನ್, ಅದರ ಕಡೆ ಯಾರೂ ತಿರುಗಿ ನೋಡ್ಲಿಲ್ಲ. ಈಗ ಮಳೆ ಹೊಡೆದು ಹುಲ್ಲು ಮೊಣಕಾಲುದ್ದ ಬಂದಿದೆ, ಪಕ್ಕದ ಮನೆ ಆಂಟಿ ದಿನಾ ಹಾವು ಹಾವು ಅಂತಾರೆ. ಭಾನುವಾರ ಹೊಸ ಪೆಟ್ರೋಲ್ ಹಾಕಿ ನಲವತ್ತು ಸಲ ಎಳೆದೆ, ಒಂದು ಸಲ 'ಬುಸ್' ಅಂದಿದ್ದು ಬಿಟ್ರೆ ಏನೂ ಇಲ್ಲ. ರಿಪೇರಿಯವ್ರೊಬ್ರು ಬಂದು, ಬಿಚ್ಚಿ ಕೂಡ ನೋಡ್ದೆ, ಕಾರ್ಬೊರೇಟರ್ (ಪೆಟ್ರೋಲ್‌ನ ಗಾಳಿ ಜೊತೆ ಬೆರೆಸಿ ಇಂಜಿನ್‌ಗೆ ಕಳಿಸೋ ಭಾಗ) ಹೋಗಿದೆ, ಹೊಸದು ಹಾಕಿ ನಾಲ್ಕೂವರೆ ಸಾವಿರ ಅಂದ್ರು. ಮಾಡಿಸ್ಲಾ ಅಥವಾ ನಾನೇ ಏನಾದ್ರೂ ನೋಡ್ಬಹುದಾ? ಸ್ಪ್ಯಾನರ್ ಹಿಡಿಯೋಕೆ ಬರುತ್ತೆ, ಅಷ್ಟೇ.

ಬನಶಂಕರಿಯಿಂದ:

ಮೇಡಂ ನಗಬೇಡಿ, ಮೊದ್ಲು ಹ್ಯಾಂಡಲ್ ಮೇಲಿರೋ ಆ ಎರಡನೇ ಕಂಬೀನ ಹ್ಯಾಂಡಲ್‌ಗೆ ಒತ್ತಿ ಹಿಡ್ಕೊಂಡೇ ಎಳೀತಿದ್ದೀರಾ ನೋಡಿ. ಅದು ಬಿಟ್ರೆ ಇಂಜಿನ್‌ಗೆ ಬ್ರೇಕೂ ಬೀಳುತ್ತೆ, ಕರೆಂಟೂ ಕಟ್ ಆಗುತ್ತೆ, ಸೇಫ್ಟಿಗೆ ಹಂಗೆ ಮಾಡಿರ್ತಾರೆ. ನಮ್ಮ ಭಾವ ಅರ್ಧ ಗಂಟೆ ಅದನ್ನ ಬಿಟ್ಕೊಂಡು ಎಳೆದು ಮಷೀನ್ ಕೆಟ್ಟೋಗಿದೆ ಅಂತ ಫೋನ್ ಮಾಡಿದ್ರು, ನಾನು ಇಲ್ಲಿಂದ ಕೋರಮಂಗಲಕ್ಕೆ ಟ್ರಾಫಿಕ್ಕಲ್ಲಿ ಹೋಗಿ ನೋಡಿದ್ರೆ ಇದೇ ಕಥೆ. ಕೆಲವು ಇಂಜಿನ್‌ಗೆ ಪೆಟ್ರೋಲ್ ಕಾಕ್ ಬೇರೆ ಇರುತ್ತೆ, ಅದು ಆನ್ ಇದ್ಯಾ ನೋಡಿ. ಚೋಕ್ ಹಾಕಿ, ಇಲ್ಲಾ ರಬ್ಬರ್ ಬಟನ್ ಇದ್ರೆ ಮೂರು ಸಲ ಒತ್ತಿ.

ಯಲಹಂಕದಿಂದ:

ನೋಡಮ್ಮಾ, ಕಾರ್ಬೊರೇಟರ್ ಈಗ್ಲೇ ಬದಲಾಯಿಸ್ಬೇಡ. ನಾನು ಟೂಲ್ ರೂಮಲ್ಲಿ ಕೆಲಸ ಮಾಡಿ ರಿಟೈರ್ ಆದೋನು, ನಮ್ಮ ಲೇಔಟಲ್ಲಿ ಇರೋ ನಾಲ್ಕೈದು ಮೋವರ್ ಎಲ್ಲಾ ಮಳೆಗಾಲ ಶುರುವಾದ್ರೆ ನಮ್ಮನೆ ಗೇಟಿಗೇ ಬರೋದು, ಬಂದಿದ್ರಲ್ಲಿ ಮುಕ್ಕಾಲು ಪಾಲು ಹಳೇ ಪೆಟ್ರೋಲಿನ ಕಾಯಿಲೆ. ನೀನು ಹೊಸ ಪೆಟ್ರೋಲ್ ಹಾಕ್ದೆ ಅಂದ್ಯಲ್ಲ, ಹಳೇದನ್ನ ಇಳಿಸಿ ಹಾಕ್ದ್ಯಾ, ಅದರ ಮೇಲೇ ಹಾಕ್ದ್ಯಾ? ಮೇಲೇ ಹಾಕಿದ್ರೆ ಹಳಸಿದ ಸಾರಿಗೆ ಹೊಸ ಒಗ್ಗರಣೆ ಕೊಟ್ಟಂಗೆ. ಬರೀ ಟ್ಯಾಂಕ್ ಖಾಲಿ ಮಾಡಿದ್ರೂ ಸಾಲ್ದು, ಕಾರ್ಬೊರೇಟರ್ ತಳದಲ್ಲಿ ಒಂದು ಸಣ್ಣ ಬಟ್ಟಲು ಇರುತ್ತೆ, ಬೌಲ್ ಅಂತಾರೆ, ಅಲ್ಲಿ ನಿಂತಿರೋ ಪೆಟ್ರೋಲ್ ಆರಿ ಆರಿ ಅಂಟಾಗಿ ಜೆಟ್ಟಿನ, ಅಂದ್ರೆ ಪೆಟ್ರೋಲ್ ಅಳತೆಯಾಗಿ ಹೋಗೋ ಸಣ್ಣ ಪೀಸಿನ, ತೂತು ಮುಚ್ಕೊಂಡಿರುತ್ತೆ. ಆ ತೂತು ಎಷ್ಟು ಸಣ್ಣದು ಅಂದ್ರೆ ಹೊಲಿಗೆ ಸೂಜಿ ಕೂಡ ಹೋಗಲ್ಲ.

ಆದ್ರೆ ಬಿಚ್ಚೋಕೆ ಮುಂಚೆ ಒಂದು ಕೆಲಸ ಮಾಡು, ಇದನ್ನ ಯಾರೂ ಮಾಡಲ್ಲ, ನೇರ ಸ್ಪ್ಯಾನರ್ ಹಿಡೀತಾರೆ. ಹತ್ತು ಸಲ ಎಳೆದ ತಕ್ಷಣ ಪ್ಲಗ್ (ಇಂಜಿನ್ ಒಳಗೆ ಕಿಡಿ ಕೊಡೋದು) ಬಿಚ್ಚಿ ತುದಿ ನೋಡು, ಮೂಸಿ ನೋಡು. ತುದಿ ಒಣಗಿದ್ರೆ ಪೆಟ್ರೋಲೇ ಒಳಗೆ ಹೋಗ್ತಿಲ್ಲ, ಕೆಲಸ ಕಾರ್ಬೊರೇಟರ್ ಕಡೆ. ಒದ್ದೆ ಇದ್ರೆ ಪೆಟ್ರೋಲ್ ಹೋಗ್ತಿದೆ, ಉರೀತಿಲ್ಲ, ಅಂದ್ರೆ ಕಿಡಿ ಇಲ್ಲ ಇಲ್ಲಾಂದ್ರೆ ಚೋಕ್ ಹಾಕಿ ಹಾಕಿ ಮುಳುಗಿಸ್ಬಿಟ್ಟಿದ್ದೀಯ. ಕಪ್ಪಗೆ ಎಣ್ಣೆ ಎಣ್ಣೆ ಇದ್ರೆ ಅದು ಬೇರೆ ಕಥೆ. ಈ ಒಂದು ನೋಟಕ್ಕೆ ಕಾಸಿಲ್ಲ, ನಿಮ್ಮ ರಿಪೇರಿಯವನು ಅದನ್ನೂ ಮಾಡಿಲ್ಲ ಅಂದ್ಮೇಲೆ ಅವನಿಗೆ ನಾಲ್ಕೂವರೆ ಸಾವಿರ ಯಾವ ಲೆಕ್ಕಕ್ಕೆ?

ಕಿಡಿ ನೋಡೋಕೆ, ಬಿಚ್ಚಿದ ಪ್ಲಗ್‌ನ ಕ್ಯಾಪಿಗೆ ಮತ್ತೆ ಹಾಕಿ ಅದರ ಮೈಯನ್ನ ಇಂಜಿನ್ ಕಬ್ಬಿಣಕ್ಕೆ ತಾಗಿಸು, ಪ್ಲಗ್ ತೂತಿಂದ ದೂರ ಇರ್ಬೇಕು, ಆ ತೂತಿಂದ ಪೆಟ್ರೋಲ್ ಆವಿ ಬರುತ್ತೆ, ಹತ್ಕೊಂಡ್ರೆ ಕಷ್ಟ. ಪ್ಲಗ್‌ನ ಬರಿಗೈಲಿ ಹಿಡೀಬೇಡ, ಜುಮ್ ಅನ್ನುತ್ತೆ. ಇನ್ನೊಬ್ರು ಮೇಲಿನ ಹ್ಯಾಂಡಲ್ ಒತ್ತಿ ಹಿಡೀಲಿ, ನೀನು ಹಗ್ಗ ಎಳಿ. ನೀಲಿ ಕಿಡಿ ಟಕ್ ಟಕ್ ಅಂತ ಬಂದ್ರೆ ಸರಿ. ಬರದಿದ್ರೆ ಮೊದ್ಲು ಹೊಸ ಪ್ಲಗ್ ಹಾಕಿ ನೋಡು. ಹಳೇ ಪ್ಲಗ್ ಮೇಲೆ ಬರೆದಿರೋ ನಂಬರ್‌ದೇ ತರಬೇಕು, ಬೈಕಿಂದು ಕೂರುತ್ತೆ ಅಂತ ತುರುಕಬೇಡ, ಥ್ರೆಡ್ ಉದ್ದ ಜಾಸ್ತಿ ಇದ್ರೆ ಪಿಸ್ಟನ್ ತಲೆಗೆ ಹೊಡೀಬಹುದು. ತುದೀಲಿ ಕಿಡಿ ಹಾರೋ ಗ್ಯಾಪ್ 0.7ರಿಂದ 0.8 ಮಿ.ಮೀ. ಇರ್ಲಿ.

ಬಿಸಿಲಿಗೆ ಕೂತು ಬರೀತಿದ್ದೀನಿ, ಊಟ ಮಾಡ್ಕೊಂಡು ಬಂದು ಕಾರ್ಬೊರೇಟರ್ ಹೇಳ್ತೀನಿ.

ರಾಜಾಜಿನಗರದಿಂದ:

ಅಂಕಲ್ ಹೇಳಿದ್ದು ಕರೆಕ್ಟು. ಇನ್ನೊಂದು ಶಾರ್ಟ್‌ಕಟ್, ಪ್ಲಗ್ ತೂತಿಗೆ ಒಂದು ಟೀ ಸ್ಪೂನ್ ಪೆಟ್ರೋಲ್ ಬಿಟ್ಟು ಪ್ಲಗ್ ಹಾಕಿ ಎಳೀರಿ. ಎರಡು ಸೆಕೆಂಡ್ ಓಡಿ ನಿಂತ್ರೆ ಕಿಡಿ, ಕಂಪ್ರೆಷನ್ (ಪಿಸ್ಟನ್ ಒಳಗೆ ಅದುಮೋ ಒತ್ತಡ) ಎರಡೂ ಸರಿ ಇದೆ, ಬರೀ ಪೆಟ್ರೋಲ್ ದಾರಿ ಬ್ಲಾಕ್ ಅಂತ ಅರ್ಥ. ನಾನು ಹಂಗೇ ಕಂಡುಹಿಡಿದಿದ್ದು.

ಯಲಹಂಕದಿಂದ:

ಪರೀಕ್ಷೆಗೆ ಸರಿ ಕಣಪ್ಪ, ಆದ್ರೆ ಟೀ ಸ್ಪೂನ್ ಜಾಸ್ತಿ ಆಯ್ತು, ಅರ್ಧ ಸಾಕು, ಇಲ್ದಿದ್ರೆ ಮತ್ತೆ ಮುಳುಗುತ್ತೆ. ಚೆಲ್ಲಿದ್ದನ್ನ ಒರೆಸಿ ಐದು ನಿಮಿಷ ಬಿಟ್ಟು ಎಳೀಬೇಕು.

ಈಗ ಕಾರ್ಬೊರೇಟರ್. ಮೊದ್ಲು ಪ್ಲಗ್ ಕ್ಯಾಪ್ ಎಳೆದು ಪಕ್ಕಕ್ಕಿಡು, ಮಷೀನಿಗೆ ಏನೇ ಮಾಡೋಕೂ ಮುಂಚೆ ಇದು. ಪೆಟ್ರೋಲ್ ಪೈಪ್ ಕ್ಲಿಪ್ ಹಾಕಿ ಅದುಮಿಡು. ಕೆಳಗೊಂದು ಗಾಜಿನ ಬಾಟಲ್ ಹಿಡಿ, ಉಪ್ಪಿನಕಾಯಿ ಬಾಟಲ್ ಆದ್ರೂ ಆಗುತ್ತೆ, ಆದ್ರೆ ಗಾಜಿಂದೇ ಇರ್ಲಿ, ಒಳಗೆ ಏನಿದೆ ನೋಡ್ಬೇಕು. ಬೌಲ್ ತಳದ ಬೋಲ್ಟಿಗೆ ಹೆಚ್ಚಾಗಿ 10ನೇ ನಂಬರ್ ಸ್ಪ್ಯಾನರ್ ಕೂರುತ್ತೆ. ಬಾಟಲಿಗೆ ಬಂದಿದ್ದನ್ನ ಒಂದು ನಿಮಿಷ ಅಲ್ಲಾಡಿಸದೆ ಇಡು. ಮೇಲೊಂದು ಬಣ್ಣ, ಕೆಳಗೆ ಬೆಳ್ಳಗೆ ನೀರಿನ ತರ ಇನ್ನೊಂದು ಪದರ ಕೂತ್ರೆ ಕಳ್ಳ ಸಿಕ್ಕ ಅಂತ ತಿಳ್ಕೊ.

ಯಾಕೆ ಅಂದ್ರೆ ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್. 2023ರ ಫೆಬ್ರವರಿ 6ಕ್ಕೆ ಇದೇ ಬೆಂಗಳೂರಲ್ಲಿ, ಇಂಡಿಯಾ ಎನರ್ಜಿ ವೀಕಲ್ಲಿ ಪ್ರಧಾನಿ ಬಂದು ಇ20 ಬಿಡುಗಡೆ ಮಾಡಿದ್ದು, 2025ರ ಹೊತ್ತಿಗೆ ಎಲ್ಲಾ ಕಡೆ ಅದೇ ಆಯ್ತು. ದಿನಾ ಓಡೋ ಗಾಡೀಲಿ ಪೆಟ್ರೋಲ್ ನಿಲ್ಲೋದೇ ಇಲ್ಲ, ಗೊತ್ತಾಗಲ್ಲ. ತಿಂಗಳುಗಟ್ಟಲೆ ನಿಲ್ಲೋ ಇಂಜಿನ್‌ಗೆ ತೊಂದರೆ, ಎಥನಾಲ್ ಗಾಳೀಲಿರೋ ತೇವ ಎಳ್ಕೊಳ್ಳುತ್ತೆ, ನೀರು ಜಾಸ್ತಿ ಆದ್ರೆ ಎರಡೂ ಸೇರಿ ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತೆ, ಇಂಜಿನ್ ಎಳ್ಕೊಳ್ಳೋದು ತಳದಿಂದ್ಲೇ. ಇಂಜಿನ್ ಮಾಡೋ ಬ್ರಿಗ್ಸ್ ಅಂಡ್ ಸ್ಟ್ರಾಟನ್, ಹೋಂಡಾ ಎರಡರ ಹಳೇ ಮೋವರ್ ಮ್ಯಾನ್ಯುಯಲ್ ತೆಗೆದು ನೋಡು, ಎಥನಾಲ್ 10 ಪರ್ಸೆಂಟ್ ಮೇಲೆ ಬೇಡ ಅಂತಿರುತ್ತೆ. ಬಂಕಲ್ಲಿ ಇರೋದು ಅದೇ, ನಾವೇನು ಮಾಡೋಣ, ಹಾಕ್ಬೇಕು, ನಿಲ್ಲಿಸ್ಬಾರ್ದು.

ಬೌಲ್ ಇಳಿದ್ಮೇಲೆ ಮಧ್ಯದ ಕಂಬದಲ್ಲಿ ಹಿತ್ತಾಳೆ ಜೆಟ್ ಕಾಣುತ್ತೆ, ಕೆಲವು ಇಂಜಿನಲ್ಲಿ ಆ ಬೌಲ್ ಬೋಲ್ಟಲ್ಲೇ ತೂತಿರುತ್ತೆ. ಸರಿಯಾಗಿ ಕೂರೋ ಸ್ಕ್ರೂ ಡ್ರೈವರ್ ಇಲ್ದೆ ಕೈ ಹಾಕ್ಬೇಡ, ಹಿತ್ತಾಳೆ ಮೆತ್ತಗೆ, ತಲೆ ಸವೆದ್ರೆ ಮುಗೀತು. ಜೆಟ್‌ನ ಬೆಳಕಿಗೆ ಹಿಡಿ, ಗುಂಡಗೆ ಆಕಾಶ ಕಾಣ್ಬೇಕು. ಕಾಣದಿದ್ರೆ ಪಿನ್ನು ಹಾಕಿ ಕೆರೀಬೇಡ, ಕರೆಂಟ್ ವೈರ್ ಸುಲಿದು ಒಂದೇ ಒಂದು ತಾಮ್ರದ ಎಳೆ ತೆಗೆದು ಅದನ್ನ ತೂರಿಸು, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡಿ, ಕಣ್ಣಿಗೆ ಕನ್ನಡಕ ಹಾಕ್ಕೊಂಡು. ಬೌಲ್ ಸುತ್ತ ಇರೋ ರಬ್ಬರ್ ರಿಂಗು ಸ್ಪ್ರೇ ತಾಗಿದ್ರೆ ಊದ್ಕೊಳ್ಳುತ್ತೆ, ಅದನ್ನ ಮೊದ್ಲೇ ತೆಗೆದಿಡು. ಆ ರಿಂಗ್ ಕಳೆದೋದ್ರೆ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರೋ ಜೆಸಿ ರೋಡ್ ಸುತ್ತಬೇಕಾಗುತ್ತೆ, ನಾನು ಒಂದು ಸಲ ಪೂರ್ತಿ ಶನಿವಾರ ಸುತ್ತಿದ್ದೀನಿ.

ಸರ್ಜಾಪುರ ರೋಡಿಂದ:

ನಮ್ಮ ಅಪಾರ್ಟ್‌ಮೆಂಟಲ್ಲಿ ಆದ ಎರಡು ಹೇಳ್ತೀನಿ. ಒಂದು, ನಮ್ಮ ಮಾಲಿ ಬ್ರಷ್ ಕಟರ್‌ಗೆ ಅಂತ 2ಟಿ ಆಯಿಲ್ (ಟು ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲಲ್ಲೇ ಬೆರೆಸೋ ಆಯಿಲ್) ಮಿಕ್ಸ್ ಮಾಡಿಟ್ಟಿದ್ದ ಕ್ಯಾನಿಂದ್ಲೇ ಮೋವರ್‌ಗೂ ಸುರೀತಿದ್ದ, ಮೋವರ್ ಫೋರ್ ಸ್ಟ್ರೋಕು, ಹೊಗೆ ಬಂದು ಬಂದು ಪ್ಲಗ್ ಇದ್ದಿಲಾಗಿತ್ತು. ಇದಾದ್ರೂ ಪರವಾಗಿಲ್ಲ, ತೊಳೆದ್ರೆ ಹೋಯ್ತು. ಉಲ್ಟಾ ಆಗಿ ಸಾದಾ ಪೆಟ್ರೋಲ್ ಟು ಸ್ಟ್ರೋಕ್ ಕಟರ್‌ಗೆ ಹಾಕಿದ್ರೆ ಪಿಸ್ಟನ್ನೇ ಕಚ್ಕೊಳ್ಳುತ್ತೆ. ಈಗ ಕೆಂಪು ಕ್ಯಾನ್, ನೀಲಿ ಕ್ಯಾನ್ ಅಂತ ಬೇರೆ ಮಾಡಿದ್ದೀವಿ.

ಎರಡು, ಪೆಟ್ರೋಲೂ ಸರಿ, ಕಿಡೀನೂ ಸರಿ, ಆದ್ರೂ ಸ್ಟಾರ್ಟ್ ಆಗಲ್ಲ, ಎಳೆದ್ರೆ ಹಗ್ಗ ಕೈಯಿಂದ ಕಿತ್ಕೊಂಡು ವಾಪಸ್ ಹೋಗುತ್ತೆ, ಮಾಲಿ ಬೆರಳು ಊದ್ಕೊಂಡಿತ್ತು. ಎರಡು ವಾರ ತಲೆ ಕೆಡಿಸ್ಕೊಂಡ್ಮೇಲೆ ಗೊತ್ತಾಗಿದ್ದು, ಬ್ಲೇಡ್ ಸ್ಪ್ರಿಂಕ್ಲರ್ ಪೈಪಿಗೆ ಹೊಡೆದಿತ್ತು, ಫ್ಲೈವೀಲ್ (ಇಂಜಿನ್ ಜೊತೆ ತಿರುಗೋ ಭಾರದ ಚಕ್ರ) ಒಳಗಿರೋ ಸಣ್ಣ ಕೀ ಅರ್ಧ ಕಟ್ಟಾಗಿ ಟೈಮಿಂಗ್, ಅಂದ್ರೆ ಕಿಡಿ ಹೊಡೆಯೋ ಹೊತ್ತು, ಜಾರಿತ್ತು. ಚಿಲ್ಲರೆ ಕಾಸಿನ ಪೀಸು. ಮೇಡಂ, ನಿಮ್ಮ ತಂದೆ ಕೊನೇ ಸಲ ಓಡಿಸಿದಾಗ ಕಲ್ಲಿಗೆ ಹೊಡೆದಿದ್ರಾ ಕೇಳಿ.

ಮಲ್ಲೇಶ್ವರದಿಂದ:

ಇಷ್ಟೆಲ್ಲ ಯಾಕೆ, ಗುಜರಿಗೆ ಹಾಕಿ ಬ್ಯಾಟರಿದು ತಗೊಳ್ಳಿ. ಸಣ್ಣ ಲಾನ್‌ಗೆ ಪೆಟ್ರೋಲ್ ಇಂಜಿನ್ ಅಂದ್ರೆ ಇಲಿ ಹೊಡೆಯೋಕೆ ಫಿರಂಗಿ.

ಯಲಹಂಕದಿಂದ:

ಮೊಣಕಾಲುದ್ದ ಒದ್ದೆ ಹುಲ್ಲಿಗೆ ಸಣ್ಣ ಬ್ಯಾಟರಿ ಮಷೀನ್ ಹಾಕಿ ನೋಡಿ ಸ್ವಾಮಿ, ಆಮೇಲೆ ಮಾತಾಡೋಣ.

ಕೆಂಗೇರಿಯಿಂದ:

ನಂದು ಬೇರೆ ತರ. ಸ್ಟಾರ್ಟ್ ಆಗೋದು, ಸರಿಯಾಗಿ ಏಳೆಂಟು ನಿಮಿಷ ಓಡಿ ಸುಸ್ತಾಗಿ ನಿಲ್ಲೋದು, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಓಡೋದು. ಪ್ಲಗ್ ಬದಲಾಯಿಸಿದೆ, ಫಿಲ್ಟರ್ ಬದಲಾಯಿಸಿದೆ, ಏನೂ ಇಲ್ಲ. ಒಂದಿನ ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತಿರುಗಿಸಿದ್ರೆ 'ಸುಯ್ಯ್' ಅಂತ ಗಾಳಿ ಒಳಗೆ ಎಳ್ಕೊಂಡ ಶಬ್ದ. ಮುಚ್ಚಳದಲ್ಲಿ ಗಾಳಿ ಹೋಗೋಕೆ ಸೂಜಿಮೊನೆಯಷ್ಟು ತೂತಿರುತ್ತೆ, ಅದರ ಮೇಲೆ ಕುಂಬಾರ ಹುಳ ನೀಟಾಗಿ ಮಣ್ಣಿನ ಗೂಡು ಕಟ್ಟಿತ್ತು. ಗಾಳಿ ಹೋಗದೆ ಪೆಟ್ರೋಲ್ ಇಳೀತಿರ್ಲಿಲ್ಲ. ಮೆಟ್ಟಿಲ ಕೆಳಗೆ ಅಂದ್ರಲ್ಲ, ಸೈಲೆನ್ಸರ್ ಬಾಯಿ, ಏರ್ ಫಿಲ್ಟರ್ ಡಬ್ಬ ಎರಡೂ ಬಿಚ್ಚಿ ನೋಡಿ. ನಮ್ಮ ಚಿಕ್ಕಪ್ಪನ ಮಷೀನಲ್ಲಿ ಫಿಲ್ಟರ್ ಸ್ಪಾಂಜ್ ಇಲಿ ಮರಿಗೆ ಹಾಸಿಗೆ ಆಗಿತ್ತು.

ವಿದ್ಯಾರಣ್ಯಪುರದಿಂದ:

ಎಲ್ರಿಗೂ ಥ್ಯಾಂಕ್ಸ್, ಶನಿವಾರ ಕೂತೆ. ಪ್ಲಗ್ ತುದಿ ಒಣಕಲು, ಕಿಡಿ ಚೆನ್ನಾಗಿದೆ, ಅಪ್ಪ ಕುರ್ಚೀಲಿ ಕೂತು ಹ್ಯಾಂಡಲ್ ಒತ್ತಿ ಹಿಡ್ಕೊಂಡಿದ್ರು. ಕಲ್ಲಿಗೆ ಹೊಡೆದಿಲ್ವಂತೆ (ಅಮ್ಮ ಒಳಗಿಂದ 'ಹೊಡೆದಿದ್ರು' ಅಂದ್ರು, ಅದು ಅವರಿಬ್ರ ಮಧ್ಯೆ). ಹಳೇ ಪೆಟ್ರೋಲ್ ಇಳಿಸ್ದೆ ಮೇಲೇ ಸುರಿದಿದ್ದೆ ಅಂಕಲ್, ನಿಜ. ಬೌಲ್ ಬಿಚ್ಚಿದ್ರೆ ಮೂಗಿಗೆ ಹೊಡೆಯೋ ಹಾಗೆ ವಾರ್ನಿಷ್ ವಾಸನೆ, ಬಾಟಲಲ್ಲಿ ನೀವು ಹೇಳಿದಂಗೇ ಎರಡು ಪದರ, ತಳದಲ್ಲಿ ಬೆಲ್ಲದ ಪಾಕ ಆರಿದಂಗೆ ಕಂದು ಅಂಟು. ಜೆಟ್ಟಲ್ಲಿ ಆಕಾಶ ಕಾಣ್ಲಿಲ್ಲ. ತಾಮ್ರದ ಎಳೆ ಮೊದಲ್ನೇದು ಮಡಚ್ಕೊಂಡ್ತು, ಎರಡನೇದು ತಿರುಗಿಸಿ ತಿರುಗಿಸಿ ಹೋಯ್ತು, ಆಮೇಲೆ ನೋಡಿದ್ರೆ ಗುಂಡುಸೂಜಿ ತಲೆಗಿಂತ ಚಿಕ್ಕ ಬೆಳಕು. ಟ್ಯಾಂಕ್ ತೊಳೆದು ಹೊಸ ಪೆಟ್ರೋಲ್ ಹಾಕಿ ಎಳೆದೆ, ಮೂರಕ್ಕೆ ಕೆಮ್ಮಿತು, ಐದಕ್ಕೆ ಹೊಗೆ ಬಿಟ್ಕೊಂಡು ಹತ್ಕೊಂಡ್ತು! ಸ್ಪ್ರೇ ಒಂದೇ ಖರ್ಚು. ಅರ್ಧ ಸೈಟ್ ಮುಗೀತು. ಬ್ಲೇಡ್ ಮೊಂಡು, ಹುಲ್ಲು ಕತ್ತರಿಸೋ ಬದಲು ಕಿತ್ತಾಕ್ತಿದೆ. ಮಗುಚಿ ಬ್ಲೇಡ್ ಬಿಚ್ಲಾ? ಆಯಿಲ್ ಕೂಡ ಡಾಂಬರ್ ತರ ಇದೆ. ಆ ಹಳೇ ಪೆಟ್ರೋಲ್ ಏನು ಮಾಡ್ಲಿ?

ಯಲಹಂಕದಿಂದ:

ಭಲೇ. ಮಗುಚ್ಬೇಡ, ವಾಲಿಸು, ಏರ್ ಫಿಲ್ಟರ್ ಇರೋ ಸೈಡು ಆಕಾಶ ನೋಡ್ಬೇಕು, ಇಲ್ದಿದ್ರೆ ಆಯಿಲ್ ಹೋಗಿ ಫಿಲ್ಟರ್ ನೆನೆದು ಮತ್ತೆ ಮೊದಲ್ನೇ ಮೆಟ್ಟಿಲಿಗೇ ಬರ್ತೀಯ. ಪ್ಲಗ್ ಕ್ಯಾಪ್ ತೆಗೆದಿರ್ಬೇಕು, ಇದನ್ನ ಎರಡನೇ ಸಲ ಹೇಳ್ತಿದ್ದೀನಿ. ಬ್ಲೇಡ್ ಸಾಣೆ ಹಿಡಿಸಿದ್ಮೇಲೆ ಮಧ್ಯದ ತೂತಿಗೆ ಗೋಡೆ ಮೊಳೆ ಹಾಕಿ ನೇತಾಕು, ಒಂದು ಕಡೆ ವಾಲಿದ್ರೆ ಆ ಕಡೆ ಇನ್ನೊಂಚೂರು ಉಜ್ಜು, ತೂಕ ಸಮ ಇಲ್ದಿದ್ರೆ ಇಂಜಿನ್ ನಡುಗಿ ನಟ್ಟೆಲ್ಲ ಸಡಿಲ ಆಗುತ್ತೆ. ಆಯಿಲ್ ಹತ್ತು ನಿಮಿಷ ಓಡಿಸಿ ಬೆಚ್ಚಗಿರುವಾಗ ಇಳಿಸು, 10 ಡಬ್ಲ್ಯೂ 30 ಹಾಕು, ಹೆಚ್ಚುಕಮ್ಮಿ ಅರ್ಧ ಲೀಟರ್ ಹಿಡಿಯುತ್ತೆ, ಸುರಿದು ಸುರಿದು ಕಡ್ಡೀಲಿ ನೋಡ್ಕೋ, ಮೇಲಿನ ಗೆರೆ ದಾಟಿಸ್ಬೇಡ.

ಇನ್ಮುಂದೆ ಡಿಸೆಂಬರಲ್ಲಿ ಹುಲ್ಲು ಬೆಳೆಯೋದು ನಿಂತ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನೇ ನಿಲ್ಲೋವರೆಗೂ ಓಡಿಸಿ, ಬೌಲಲ್ಲಿ ಉಳಿದಿದ್ದನ್ನೂ ಇಳಿಸಿಡು. ಒಂದೆರಡು ವಾರದ ಪೆಟ್ರೋಲ್ ಮಿಕ್ಕಿದ್ರೆ ಸ್ಕೂಟರಿಗೆ ಹಾಕ್ಬಹುದು. ಈ ಎರಡು ವರ್ಷದ್ದು ಬೇಡ, ಚರಂಡಿಗೂ ಗಿಡದ ಬುಡಕ್ಕೂ ಸುರೀಬೇಡ, ಮುಚ್ಚಳ ಬಿಗಿಯಾಗಿರೋ ಡಬ್ಬದಲ್ಲಿ ಹಾಕಿ ಹಳೇ ಆಯಿಲ್ ತಗೊಳ್ಳೋ ಗ್ಯಾರೇಜ್‌ನವರನ್ನ ಕೇಳಿ ಕೊಡು. ಉಪ್ಪಿನಕಾಯಿ ಬಾಟಲ್ ಮಾತ್ರ ಮತ್ತೆ ಅಡುಗೆಮನೆಗೆ ತಗೊಂಡು ಹೋಗ್ಬೇಡಮ್ಮಾ, ನಮ್ಮನೇಲಿ ಅದಕ್ಕೇ ಜಗಳ ಆಗಿತ್ತು.