ಸಹಾಯ ಬೇಕು: ಜನಗಣತಿಯಲ್ಲಿ ಹೆಣ್ಣುಮಕ್ಕಳ ಪಾಲು, ಹಳೆಯ ಜಿಲ್ಲಾವಾರು ಕೋಷ್ಟಕಗಳು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗಾಗಿ ಒಂದು ದೊಡ್ಡ ಚಾರ್ಟ್ ಮಾಡುತ್ತಿದ್ದೇನೆ. ಭಾರತದ ಜನಸಂಖ್ಯೆಯಲ್ಲಿ ಹೆಣ್ಣುಮಕ್ಕಳ ಪಾಲು ಹೇಗೆ ಬದಲಾಯಿತು ಎಂದು ತೋರಿಸಬೇಕು. ದೇಶದ ಅಂಕಿ ಸಿಕ್ಕಿದೆ. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರು, 1991ರಲ್ಲಿ 927, 2011ರಲ್ಲಿ 943. ಅಂದರೆ ಪಾಲು ಶೇ 49.3ರಿಂದ 48.1ಕ್ಕೆ ಇಳಿದು, ಮತ್ತೆ 48.5ಕ್ಕೆ ಬಂತು. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ 121 ಕೋಟಿ ಜನರಲ್ಲಿ ಶೇಕಡಾ ಒಂದು ಅಂದರೆ 1.2 ಕೋಟಿ ಜೀವ, ಅಲ್ವಾ?

ನನ್ನನ್ನು ಜಾಸ್ತಿ ಕಾಡುವುದು ಪುಟ್ಟ ಮಕ್ಕಳ ಲೆಕ್ಕ. 1991ರಿಂದ 2001ಕ್ಕೆ ಒಟ್ಟು ಅನುಪಾತ ಏರಿತು. ಅದೇ ಹೊತ್ತಿಗೆ 0–6 ವಯಸ್ಸಿನವರಲ್ಲಿ ಅದು 945ರಿಂದ 927ಕ್ಕೆ ಕುಸಿಯಿತು. 2011ರಲ್ಲಿ ಇನ್ನೂ ಇಳಿಯಿತು. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ 1994ರಲ್ಲೇ ಬಂದಿತ್ತು! ಒಟ್ಟು ಅಂಕಿ ಒಂದನ್ನೇ ತೋರಿಸಿದರೆ ಈ ಇಳಿತ ಮಕ್ಕಳಿಗೆ ಕಾಣುವುದೇ ಇಲ್ಲ. ಅದಕ್ಕೇ ಎರಡು ಗೆರೆ ಹಾಕುತ್ತಿದ್ದೇನೆ.

1961 ಮತ್ತು 1971ರ ಮೈಸೂರು ರಾಜ್ಯದ ಜಿಲ್ಲಾವಾರು, ವಯಸ್ಸುವಾರು ಕೋಷ್ಟಕ ಯಾರ ಬಳಿಯಾದರೂ ಇದೆಯಾ? ಸ್ಕ್ಯಾನ್ ಪ್ರತಿಯಾದರೂ ಸಾಕು.

ಇನ್ನೊಂದು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1020 ಎನ್ನುತ್ತದೆ. ಅದು ಆಯ್ದ ಮನೆಗಳ ಸಮೀಕ್ಷೆ, ಜನಗಣತಿಯಲ್ಲ. ಒಂದೇ ಗೆರೆಯಲ್ಲಿ ಸೇರಿಸುವುದು ತಪ್ಪು ಎಂದು ನನ್ನ ಅನಿಸಿಕೆ. ಸಂಖ್ಯಾಶಾಸ್ತ್ರ ಓದಿದವರು ದಯವಿಟ್ಟು ಹೇಳಿ.

ಉಡುಪಿಯವರೂ ಬರೆಯಿರಿ. 2011ರಲ್ಲಿ ನಿಮ್ಮ ಜಿಲ್ಲೆಯಲ್ಲಿ 1094 ಇತ್ತು. ಮುಂಬೈ, ಗಲ್ಫ್ ಕಡೆ ದುಡಿಯಲು ಹೋದ ಗಂಡಸರಿಂದ ಇದು ಎಷ್ಟು ಏರಿದೆ ಎಂದು ತೋರಿಸುವ ಅಧ್ಯಯನ ಗೊತ್ತಿದ್ದರೆ ಕಾಮೆಂಟಿನಲ್ಲಿ ತಿಳಿಸಿ.