ದಂಗೆಯೋ, ಬಂಡಾಯವೋ, ಕೂಟವೋ? 1549ರ ಕೆಟ್ ಪ್ರಸಂಗಕ್ಕೆ ಒಂದು ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಟ್ಯೂಡರ್ ಅರಸರ ಕಾಲದಲ್ಲಿ ನಾರ್ಫಕ್ ಸೀಮೆಯ ರೈತರು ಎದ್ದು ನಿಂತ ಕತೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುಂದಾಳು ರಾಬರ್ಟ್ ಕೆಟ್. ಇಂಗ್ಲಿಷಿನಲ್ಲಿ ಇದಕ್ಕೆ ‘ಕೆಟ್ಸ್ ರೆಬೆಲಿಯನ್’ ಅಂತ ಹೆಸರು. ಕನ್ನಡದಲ್ಲಿ ಏನನ್ನೋಣ? ದಂಗೆ, ದೊಂಬಿ, ಬಂಡು, ಬಂಡಾಯ, ರಾಜದ್ರೋಹ ಎಲ್ಲವೂ ನಿಘಂಟಿನಲ್ಲಿ ಅಕ್ಕಪಕ್ಕ ಕೂತಿವೆ. ನಡೆದದ್ದನ್ನು ಓದುತ್ತಾ ಹೋದರೆ ಒಂದೂ ಸರಿಹೊಂದುವುದಿಲ್ಲ. ಹಾಗಾಗಿ ಮೊದಲು ಸಂಗತಿ ಹೇಳಿಬಿಡುತ್ತೇನೆ.

ಆಗ ಉಣ್ಣೆಗೆ ಒಳ್ಳೆ ಬೆಲೆ. ಜಮೀನುದಾರರು ಊರೊಟ್ಟಿನ ಹುಲ್ಲುಗಾವಲಿಗೆ ತಮ್ಮ ಕುರಿ ಹಿಂಡು ನುಗ್ಗಿಸುತ್ತಿದ್ದರು, ಇಲ್ಲವೇ ಬೇಲಿ ಹಾಕಿ ತಮ್ಮದು ಮಾಡಿಕೊಳ್ಳುತ್ತಿದ್ದರು. ಬಡವರ ಒಂದೆರಡು ದನಕ್ಕೆ ಮೇವಿಲ್ಲ. ಸಾಲದ್ದಕ್ಕೆ ಎಂಟನೇ ಹೆನ್ರಿ ತನ್ನ ಯುದ್ಧದ ಖರ್ಚಿಗೆಂದು ನಾಣ್ಯದಲ್ಲಿ ಬೆಳ್ಳಿ ಕಡಿಮೆ ಮಾಡಿ ತಾಮ್ರ ಬೆರೆಸಿದ್ದ. ಬೆಲೆಗಳು ಏರಿದವು, ಗೇಣಿಯೂ ಏರಿತು. 1549ರಲ್ಲಿ ಗದ್ದುಗೆಯ ಮೇಲಿದ್ದವನು ಹನ್ನೊಂದು ವರ್ಷದ ಹುಡುಗ, ಆರನೇ ಎಡ್ವರ್ಡ್. ಆಡಳಿತ ನಡೆಸುತ್ತಿದ್ದವನು ಅವನ ಸೋದರಮಾವ, ಸಾಮರ್‌ಸೆಟ್‌ನ ಡ್ಯೂಕ್. ಈ ಮಾವ 1548ರಲ್ಲೇ ಬೇಲಿಗಳ ವಿಚಾರಣೆಗೆ ಆಯೋಗ ಕಳಿಸಿದ್ದ. ಕಾನೂನು ಮೀರಿ ಹಾಕಿದ ಬೇಲಿ ತೆಗೆಯಿರಿ ಅಂತ ಡಂಗುರವನ್ನೂ ಹೊಡೆಸಿದ್ದ. ದೊರೆಯೇ ನಮ್ಮ ಕಡೆ ಇದ್ದಾನೆ ಅಂತ ಹಳ್ಳಿಯವರು ತಿಳಿದುಕೊಂಡರೆ ಅದರಲ್ಲಿ ಅವರ ತಪ್ಪೇನಿದೆ?

ಜುಲೈ ಮೊದಲ ವಾರ. ವಿಂಡಮ್ ಅನ್ನುವ ಪೇಟೆಯಲ್ಲಿ ಹಬ್ಬ. ಸೇರಿದ ಜನ ಅಲ್ಲಿಂದ ಬೇಲಿ ಕೀಳಲು ಹೊರಟರು. ಮೊದಲು ಸಿಕ್ಕಿದ್ದು ಜಾನ್ ಫ್ಲವರ್‌ಡ್ಯೂ ಎಂಬ ವಕೀಲನ ಬೇಲಿ. ಅವನು ಅವರ ಕೈಗೆ ಒಂದಿಷ್ಟು ದುಡ್ಡು ಇಟ್ಟು, ‘ನನ್ನದು ಬಿಡಿ, ಆ ಕೆಟ್‌ನದು ಕೀಳಿ’ ಅಂತ ಸಾಗಹಾಕಿದ. ಇಬ್ಬರಿಗೂ ಹಳೇ ಜಗಳ. ಊರಿನ ಮಠವನ್ನು ಸರ್ಕಾರ ಮುಚ್ಚಿಸಿದಾಗ ಫ್ಲವರ್‌ಡ್ಯೂ ಕಟ್ಟಡ ಕೆಡವಿಸಿದ್ದ, ಅದನ್ನು ಉಳಿಸಿಕೊಳ್ಳಬೇಕು ಅಂತ ಓಡಾಡಿದವರಲ್ಲಿ ಕೆಟ್ ಇದ್ದ. ಕೆಟ್ ಬಡವನೂ ಅಲ್ಲ. ಚರ್ಮ ಹದ ಮಾಡಿಸುವ ಕಸುಬು, ಕೈತುಂಬ ಜಮೀನು. ಜನ ಬಂದಾಗ ಅವರ ಮಾತು ಸರಿ ಅಂತ ಒಪ್ಪಿ, ತನ್ನ ಬೇಲಿಯನ್ನು ತಾನೂ ಕೈಹಾಕಿ ಕಿತ್ತ. ಆಮೇಲೆ ಎಲ್ಲರನ್ನೂ ಕರೆದುಕೊಂಡು ಫ್ಲವರ್‌ಡ್ಯೂನ ಬೇಲಿಗೇ ವಾಪಸ್ ಹೋದ!

ಅಲ್ಲಿಂದ ನಾರಿಚ್ ಪಟ್ಟಣದ ಪಕ್ಕದ ಮೌಸ್‌ಹೋಲ್ಡ್ ಬಯಲಿಗೆ. ಸುಮಾರು 16,000 ಜನ ಬೀಡುಬಿಟ್ಟರು ಅಂತ ಲೆಕ್ಕ. ಒಂದು ಓಕ್ ಮರದ ಕೆಳಗೆ ಪಂಚಾಯ್ತಿ. ಅದಕ್ಕೆ ‘ಓಕ್ ಆಫ್ ರಿಫರ್ಮೇಶನ್’ ಅಂತ ಕರೆದರು. ಇದನ್ನು ಮತಸುಧಾರಣೆ ಅಂತ ಕನ್ನಡಿಸಬೇಡಿ. ಇಲ್ಲಿ ರಿಫರ್ಮೇಶನ್ ಅಂದರೆ ಕೆಟ್ಟುಹೋದ ಊರಾಡಳಿತವನ್ನು ನೆಟ್ಟಗೆ ಮಾಡೋದು, ಅಷ್ಟೇ.

ದೊರೆಗೆ 29 ಬೇಡಿಕೆ ಬರೆದು ಕಳಿಸಿದರು. ನನಗೆ ಜಾಸ್ತಿ ಹಿಡಿಸಿದ್ದು ಈ ಪಟ್ಟಿ. ಜಮೀನುದಾರರು ಊರೊಟ್ಟಿನ ಜಾಗದಲ್ಲಿ ಮೇಯಿಸಬಾರದು. ಗೇಣಿ ಏಳನೇ ಹೆನ್ರಿ ಪಟ್ಟಕ್ಕೆ ಬಂದ ವರ್ಷ ಎಷ್ಟಿತ್ತೋ ಅಷ್ಟಕ್ಕೆ ಇಳಿಯಬೇಕು. ಹೊಳೆಯಲ್ಲಿ ಮೀನು ಹಿಡಿಯೋಕೆ ಎಲ್ಲರಿಗೂ ಹಕ್ಕಿರಬೇಕು. ರಾಜ್ಯಕ್ಕೆಲ್ಲ ಒಂದೇ ಅಳತೆಯ ಕೊಳಗ ಇರಬೇಕು. ಪಾರಿವಾಳದ ಗೂಡುಮನೆಗೂ ಮಿತಿ ಬೇಕು, ಯಾಕಂದರೆ ಸಾಕಿದವರು ಒಡೆಯರು, ಕಾಳು ತಿನ್ನಿಸಿಕೊಂಡವರು ರೈತರು. ಆದರೆ ಮೊಟ್ಟಮೊದಲ ಬೇಡಿಕೆ ನೋಡಿ: ಕೇಸರಿ ಬೆಳೆಯೋಕೆ ಈಗಾಗಲೇ ಹಾಕಿರುವ ಬೇಲಿಗೆ ತೊಂದರೆ ಮಾಡಬೇಡಿ, ಇನ್ನು ಮುಂದೆ ಮಾತ್ರ ಯಾರೂ ಹಾಕಬಾರದು. ಬೇಲಿ ಕಿತ್ತವರ ಬಾಯಲ್ಲೇ ಈ ಮಾತು! ಸುಮ್ನೆ ಸಿಕ್ಕಿದ್ದನ್ನೆಲ್ಲ ಮುರಿಯುವವರು ಹೀಗೆ ಲೆಕ್ಕ ಹಾಕುತ್ತಾರಾ? ‘ದೊಂಬಿ’ ಬೇಡ ಅನ್ನೋಕೆ ನನಗೆ ಇದೊಂದೇ ಸಾಕು.

‘ರಾಜದ್ರೋಹ’ವೂ ಕೂರುವುದಿಲ್ಲ. ಬೀಡಿಗೆ ದವಸಧಾನ್ಯ ತರಿಸಲು ಅವರು ಹೊರಡಿಸಿದ ಆಜ್ಞಾಪತ್ರಗಳಲ್ಲಿ ತಮ್ಮನ್ನು ‘ದೊರೆಯ ಗೆಳೆಯರು ಮತ್ತು ಪ್ರತಿನಿಧಿಗಳು’ ಅಂತಲೇ ಕರೆದುಕೊಂಡರು. ಜುಲೈ 21ರಂದು ಅರಮನೆಯ ದೂತ ಬಂದು ಕ್ಷಮಾದಾನ ಸಾರಿದಾಗ, ಕ್ಷಮೆ ಬೇಕಾಗಿರೋದು ತಪ್ಪು ಮಾಡಿದವರಿಗೆ, ನಮಗಲ್ಲ ಅನ್ನುವ ಅರ್ಥದ ಉತ್ತರ ಕೊಟ್ಟ ಕೆಟ್. ಅಲ್ಲಿಂದ ಮಾತು ಮುರಿಯಿತು. ಇವರು ನಾರಿಚ್ ಹಿಡಿದರು, ನಾರ್ತಾಂಪ್ಟನ್‌ನ ಮಾರ್ಕ್ವೆಸ್ ತಂದ ದಂಡನ್ನು ಓಡಿಸಿದರು. ಕೊನೆಗೆ ವಾರಿಕ್‌ನ ಅರ್ಲ್ ಜಾನ್ ಡಡ್ಲಿ ಬಾಡಿಗೆ ಜರ್ಮನ್ ಸಿಪಾಯಿಗಳ ಜೊತೆ ದೊಡ್ಡ ಸೈನ್ಯ ತಂದ. ಆಗಸ್ಟ್ 27ರಂದು ನಾರಿಚ್ ಹತ್ತಿರದ ಡಸಿಂಡೇಲಿನಲ್ಲಿ ನಡೆದ ಕಾಳಗದಲ್ಲಿ ಸಾವಿರಾರು ಜನ ಸತ್ತರು. ಡಿಸೆಂಬರ್ 7ರಂದು ಕೆಟ್‌ನನ್ನು ನಾರಿಚ್ ಕೋಟೆಯಲ್ಲಿ, ಅವನ ಅಣ್ಣ ವಿಲಿಯಮ್‌ನನ್ನು ವಿಂಡಮ್ ಚರ್ಚಿನ ಗೋಪುರದಲ್ಲಿ ನೇಣಿಗೆ ಹಾಕಿದರು.

ಪರಿಣಾಮವೂ ವಿಚಿತ್ರ. ಬಡವರ ಪರ ಮಾತಾಡಿದ ಸಾಮರ್‌ಸೆಟ್ ಅಕ್ಟೋಬರಿನಲ್ಲೇ ಕೆಳಗಿಳಿದ. ರೈತರನ್ನು ಮಣಿಸಿದ ಡಡ್ಲಿ ಮೇಲೇರಿದ. ಊರೊಟ್ಟಿನ ಜಾಗಕ್ಕೆ ಒಡೆಯರು ಬೇಲಿ ಹಾಕಬಹುದು ಅನ್ನುವ 1235ರ ಹಳೇ ಕಾನೂನಿಗೆ ಪಾರ್ಲಿಮೆಂಟು ಮತ್ತೆ ಜೀವ ಕೊಟ್ಟಿತು.

ಅದೇ ಬೇಸಿಗೆಯಲ್ಲಿ ಡೆವನ್, ಕಾರ್ನ್‌ವಾಲ್ ಕಡೆಯೂ ಜನ ಎದ್ದಿದ್ದರು. ಅಲ್ಲಿಯ ದೂರೇ ಬೇರೆ: ಹೊಸ ಇಂಗ್ಲಿಷ್ ಪ್ರಾರ್ಥನೆ ಪುಸ್ತಕ. ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬರುವುದಿಲ್ಲ ಅಂತ ಕಾರ್ನಿಶ್ ಜನ ಬರೆದು ಕೊಟ್ಟರು. ಅದಕ್ಕೆ ಇನ್ನೊಂದು ಟಪಾಲು ಹಾಕುತ್ತೇನೆ.

ಪದಕ್ಕೆ ಬರೋಣ. ‘ದಂಗೆ’ ನನ್ನ ಕಿವಿಗೆ ಸರ್ಕಾರದ ಕಡೆಯಿಂದ ಕೇಳಿಸುತ್ತದೆ. ‘ಸಿಪಾಯಿ ದಂಗೆ’ ಪಠ್ಯಪುಸ್ತಕದಲ್ಲಿ ಹೋರಾಟ ಆಗಿದ್ದು, 1837ರಲ್ಲಿ ಕೊಡಗು, ದಕ್ಷಿಣ ಕನ್ನಡದ ರೈತರು ಬ್ರಿಟಿಷರ ವಿರುದ್ಧ ಎದ್ದ ‘ಕಲ್ಯಾಣಪ್ಪನ ಕಾಟಕಾಯಿ’ಯನ್ನು ಈಗ ಸುಳ್ಯದ ಕಡೆ ಸ್ವಾತಂತ್ರ್ಯ ಸಮರ ಅನ್ನೋದು, ಎರಡಕ್ಕೂ ಕಾರಣ ಇದೇ ಅಲ್ವಾ? ‘ಬಂಡಾಯ’ ಮರ್ಯಾದೆಯ ಪದವೇ. ಆದರೆ ಅದು ದೊರೆಗೆ ಎದುರು ನಿಂತ ಹಾಗೆ ಕೇಳುತ್ತದೆ. ಇವರು ದೊರೆಯ ಹೆಸರು ಹೇಳಿಕೊಂಡೇ ನಿಂತವರು.

ನನ್ನ ಮನಸ್ಸಿಗೆ ಹತ್ತಿರ ಬಂದದ್ದು ‘ಕೂಟ’. 1830ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲಿ (ಈಗಿನ ಶಿವಮೊಗ್ಗ ಕಡೆ) ಕಂದಾಯದ ಕಾಟಕ್ಕೆ ಬೇಸತ್ತ ರೈತರು ಒಟ್ಟು ಸೇರಿದ್ದಕ್ಕೆ ಕೂಟ ಅಂತಲೇ ಹೆಸರು. ನಾರ್ಫಕ್ಕಿನ ಆ ಕಾಲದ ಜನರೂ ಆ ದಿನಗಳನ್ನು ‘ಕ್ಯಾಂಪಿಂಗ್ ಟೈಮ್’ ಅಂದರು, ಬೀಡುಬಿಟ್ಟ ಕಾಲ ಅಂತ. ತೊಡಕು ಒಂದೇ. ‘ಕೆಟ್‌ನ ಕೂಟ’ ಅಂದರೆ ಅಮೆರಿಕದ ಕನ್ನಡ ಕೂಟದವರು ಹೋಳಿಗೆ ಊಟ ಎಲ್ಲಿ ಅಂತ ಕೇಳಿಯಾರು. ‘ರೈತಕೂಟದ ಬಂಡಾಯ’ ಅಂದರೆ ಹೇಗೆ? ಉದ್ದ ಆಯ್ತಾ?

ಇನ್ನೆರಡು ಸಣ್ಣವು. ಊರೊಟ್ಟಿನ ಜಾಗಕ್ಕೆ ‘ಗೋಮಾಳ’ ಹಾಕಲು ಧೈರ್ಯ ಸಾಲದು. ಗೋಮಾಳ ಸರ್ಕಾರದ ಜಾಗ, ಅಲ್ಲಿಯದು ಹೆಸರಿಗೆ ಒಡೆಯನದು, ಮೇಯಿಸುವ ಹಕ್ಕು ಮಾತ್ರ ಊರಿನದು. ಹಾಗೇ 16ನೇ ಬೇಡಿಕೆಯಲ್ಲಿ ‘ಬಾಂಡ್ ಮೆನ್’ ಎಲ್ಲರನ್ನೂ ಬಿಡುಗಡೆ ಮಾಡಿ ಅಂತಿದೆ. ಇವರು ಸಾಲಕ್ಕೆ ಸಿಕ್ಕಿಬಿದ್ದವರಲ್ಲ, ಹುಟ್ಟಿನಿಂದಲೇ ಒಡೆಯನ ಭೂಮಿಗೆ ಕಟ್ಟುಬಿದ್ದವರು. ‘ಜೀತದಾಳು’ ಅಂದರೆ ಓದುಗರ ತಲೆಗೆ ಸಾಲದ ಜೀತವೇ ಬರುತ್ತದೆ. ಮಲೆನಾಡು, ಕರಾವಳಿ ಕಡೆಯವರ ಹತ್ತಿರ ಹುಟ್ಟಾಳಿಗೆ ಬೇರೆ ಹಳೇ ಮಾತು ಇದ್ದರೆ ದಯವಿಟ್ಟು ತಿಳಿಸಿ.