ಲಂಡನ್–ಟೋಕಿಯೊ: ದೂರ ಎಷ್ಟು, ಹೊತ್ತು ಎಷ್ಟು? ಫ್ಲೈಟ್ ಡಿಸ್ಪ್ಯಾಚರ್ (ವಿಮಾನದ ದಾರಿ, ಹೊತ್ತು ಲೆಕ್ಕ ಹಾಕುವವರು) ಜೊತೆ ಆನ್‌ಲೈನ್ ಗುಂಪಿನಲ್ಲಿ ಪ್ರಶ್ನೋತ್ತರ

ನೀಲಿಗಗನ: ಸರ್, ಲಂಡನ್‌ನಿಂದ ಟೋಕಿಯೊಗೆ ಎಷ್ಟು ದೂರ, ಎಷ್ಟು ಗಂಟೆ?

ಡಿಸ್ಪ್ಯಾಚರ್: ಭೂಗೋಳದ ಮೇಲೆ ಅತಿ ಹತ್ತಿರದ ದಾರಿ ಸುಮಾರು 9,600 ಕಿ.ಮೀ. ಈಗ ನೇರ ವಿಮಾನಕ್ಕೆ ಸುಮಾರು 14 ಗಂಟೆ.

ರೆಕ್ಕೆಪುಕ್ಕ: ಫಾರ್ವರ್ಡ್ ಆಗಿ ಬಂದ ಸಂದೇಶದಲ್ಲಿ ಒಂದು ಸೂತ್ರ ಇದೆ: ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ. ಅದರ ಪ್ರಕಾರ 9,600 ÷ 900, ಅಂದರೆ 10 ಗಂಟೆ 40 ನಿಮಿಷ. ಜನವರಿಯಲ್ಲಿ ಬೆಳಗ್ಗೆ 11ಕ್ಕೆ ಲಂಡನ್ ಬಿಟ್ಟರೆ ಮರುದಿನ ಬೆಳಗ್ಗೆ 6:40ಕ್ಕೆ ಟೋಕಿಯೊದ ಹಾನೆಡ ನಿಲ್ದಾಣ. ಅಲ್ಲಿನ ನರಿಟಾ ನಿಲ್ದಾಣದಿಂದ 9:30ಕ್ಕೆ ಹೊರಡುವ ವಿಮಾನಕ್ಕೆ ಬೇರೆ ಟಿಕೆಟ್ ಆಗಲೇ ತೆಗೆದಿದ್ದೇನೆ. ಸಿಗುತ್ತದಲ್ಲ?

ಡಿಸ್ಪ್ಯಾಚರ್: ಸಿಗುವುದಿಲ್ಲ. ದಯವಿಟ್ಟು ಪೂರ್ತಿ ಓದಿ. 2022ರ ಫೆಬ್ರವರಿ–ಮಾರ್ಚ್‌ನಿಂದ ಬ್ರಿಟನ್ ಮತ್ತು ಜಪಾನ್ ಕಂಪನಿಗಳ ವಿಮಾನಗಳು ರಷ್ಯಾದ ಮೇಲೆ ಹಾರುತ್ತಿಲ್ಲ. ಟರ್ಕಿ, ಮಧ್ಯ ಏಷ್ಯಾ, ಚೀನಾ ಬಳಸಿಕೊಂಡು ಹೋಗಬೇಕು. ಹಾಗಾಗಿ 9,600 ಎಂಬ ಅಂಕಿಯೇ ನಿಮ್ಮ ದಾರಿಯದ್ದಲ್ಲ. 900 ಎಂಬುದು 11 ಕಿ.ಮೀ. ಎತ್ತರದಲ್ಲಿ ಗಾಳಿಗೆ ಹೋಲಿಸಿದ ವೇಗ. ಏರುವಾಗ, ಇಳಿಯುವಾಗ, ನೆಲದ ಮೇಲೆ ಟ್ಯಾಕ್ಸಿವೇಯಲ್ಲಿ ಸಾಗುವಾಗ ಅದು ಇರುವುದಿಲ್ಲ. ಈಗ 11ಕ್ಕೆ 14 ಸೇರಿಸಿ: ಗ್ರೀನ್‌ವಿಚ್ ಸಮಯ (ಚಳಿಗಾಲದಲ್ಲಿ ಲಂಡನ್ ಸಮಯವೂ ಅದೇ) ರಾತ್ರಿ 1, 9 ಗಂಟೆ ಮುಂದಿರುವ ಟೋಕಿಯೊದಲ್ಲಿ ಬೆಳಗ್ಗೆ 10. ನೀವು ಇಳಿಯುವ ಹೊತ್ತಿಗೆ ಆ ವಿಮಾನ ಹೋಗಿ ಅರ್ಧ ಗಂಟೆ ಆಗಿರುತ್ತದೆ. ಹಾನೆಡ, ನರಿಟಾ ಬೇರೆ ಬೇರೆ ನಿಲ್ದಾಣಗಳು. ಬಸ್ಸಿನಲ್ಲಿ ಗಂಟೆಗೂ ಮೇಲೆ. ಟಿಕೆಟ್ ಬೇರೆಯಾದ್ದರಿಂದ ಇಮಿಗ್ರೇಷನ್ ದಾಟಿ, ಲಗೇಜ್ ತೆಗೆದುಕೊಂಡು, ಮತ್ತೆ ಚೆಕ್‌ಇನ್ ಮಾಡಬೇಕು. ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ. ತಪ್ಪಿದರೆ ಎರಡನೇ ಕಂಪನಿ ನಿಮಗೆ ಜವಾಬ್ದಾರಿಯಲ್ಲ, ಅದೇ ಟಿಕೆಟ್‌ನ ವಾಪಸು ಪ್ರಯಾಣವೂ ರದ್ದಾಗಬಹುದು. ಇವತ್ತೇ ಆ ಟಿಕೆಟ್‌ನ ದಿನಾಂಕ ಬದಲಿಸಿ. ಆಗದಿದ್ದರೆ ಹಿಂದಿನ ದಿನವೇ ತಲುಪಿ.

ಗ್ಲೋಬುಗಣ್ಣ: ಪೂರ್ವಕ್ಕೆ ಹೋಗುವಾಗ ಭೂಮಿ ತಿರುಗುವುದರಿಂದ ಹೊತ್ತು ಹೆಚ್ಚು, ಇದನ್ನೂ ಸೇರಿಸಿ.

ಲೆಕ್ಕಪಕ್ಕಾ: ತಪ್ಪು. ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತದೆ. ಲಂಡನ್–ನ್ಯೂಯಾರ್ಕ್ ನೋಡಿ: ಪಶ್ಚಿಮಕ್ಕೆ ಸುಮಾರು 8 ಗಂಟೆ, ಪೂರ್ವಕ್ಕೆ 7ರ ಒಳಗೆ. ನಿಮ್ಮ ಮಾತಿಗೆ ತದ್ವಿರುದ್ಧ.

ಗ್ಲೋಬುಗಣ್ಣ: ಫಾರ್ವರ್ಡ್‌ನಲ್ಲಿ ವಿಜ್ಞಾನಿ ಹೇಳಿದ್ದಾರೆ.

ಲೆಕ್ಕಪಕ್ಕಾ: ಯಾವ ವಿಜ್ಞಾನಿ? ಹೆಸರು ಹಾಕಿ, ಇಲ್ಲ ಸುಮ್ಮನಿರಿ.

ಡಿಸ್ಪ್ಯಾಚರ್: ಈ ವ್ಯತ್ಯಾಸಕ್ಕೆ ಕಾರಣ ಜೆಟ್ ಸ್ಟ್ರೀಮ್, ಅಂದರೆ ವಿಮಾನ ಹಾರುವ ಎತ್ತರದಲ್ಲಿ ಬೀಸುವ ಜೋರು ಗಾಳಿ. ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ಮೀರುತ್ತದೆ. 2020ರ ಫೆಬ್ರವರಿ 9ರಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬಂದ ಬೋಯಿಂಗ್ 747 ವಿಮಾನ ತೆಗೆದುಕೊಂಡದ್ದು 4 ಗಂಟೆ 56 ನಿಮಿಷ. ಭೂಮಿ ಆ ರಾತ್ರಿ ಜೋರಾಗಿ ತಿರುಗಲಿಲ್ಲ.

ಹೊಸಸದಸ್ಯ: ಎಷ್ಟು ಗಂಟೆ ಅಂದಿರಿ?

ಡಿಸ್ಪ್ಯಾಚರ್: 14. ಮೇಲೆ ಇದೆ.

ಕಿಟಕಿಪಕ್ಕ: ಹಿಮಾಲಯ ಯಾವ ಬದಿಗೆ ಕಾಣುತ್ತದೆ?

ನೀಲಿಗಗನ: ಬೇಸಿಗೆಯಲ್ಲೂ 10ಕ್ಕೇ ತಲುಪುತ್ತದಾ?

ಡಿಸ್ಪ್ಯಾಚರ್: 9ಕ್ಕೆ. ಲಂಡನ್ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಜಪಾನಿನದು ಬದಲಾಗುವುದಿಲ್ಲ.

ಗ್ಲೋಬುಗಣ್ಣ: ಚೀನಾ ಕಂಪನಿಗಳು ರಷ್ಯಾದ ಮೇಲೆಯೇ ಹಾರುತ್ತವಲ್ಲ. ಅಲ್ಲಿಗೆ ಸೂತ್ರ ಸರಿಯೇ!

ಲೆಕ್ಕಪಕ್ಕಾ: ಅವು ಚೀನಾದಲ್ಲಿ ಇಳಿದು ಹೋಗುತ್ತವೆ. ಓದದೆ ಬರೆಯಬೇಡಿ.

ಡಿಸ್ಪ್ಯಾಚರ್: ಆ ಸೂತ್ರವನ್ನು ಇನ್ನೊಮ್ಮೆ ಇಲ್ಲಿ ಹಾಕಬೇಡಿ. ಅದನ್ನು ನಂಬಿ ಒಬ್ಬರು ಆಗಲೇ ಹಣ ಕಟ್ಟಿದ್ದಾರೆ. ರೆಕ್ಕೆಪುಕ್ಕ, ದಿನಾಂಕ ಬದಲಿಸಿದಿರಾ?